ಬಲಗಡೆಯ ಬಿಜಾಗರಿ

ಎಮ್ಮೆ ಸತ್ತದ್ದು ಯರಿಕೊಪ್ಪದ ಹತ್ತಿರ, ಬೈಪಾಸ್ ರಸ್ತೆಯಲ್ಲಿ, ಬೆಳಕು ಹರಿಯುವ ಹೊತ್ತಿಗೆ. ಗೌಳಿಗರ ಎಮ್ಮೆ, ಹಾಲು ಕೊಡುತ್ತಿದ್ದದ್ದು. ಕಾರು ಮಾಳಮಡ್ಡಿಯ ಆರ್ಕಿಟೆಕ್ಟ್ ಬಿಂದುಮಾಧವರಾಯರದು. ಕೊಂಡು ವರ್ಷ ತುಂಬಿರಲಿಲ್ಲ. ರಾಯರಿಗೆ ಒಂದು ಗೀರೂ ಆಗಿರಲಿಲ್ಲ. ಮಧ್ಯಾಹ್ನ ಕಾರನ್ನು ಲಕಮನಹಳ್ಳಿಯ ಕುಮಾರಸ್ವಾಮಿಯ ಬಾಡಿ ಶಾಪಿಗೆ ತಂದು ಇಳಿಸಿದಾಗ ಅದರ ಮುಂದಿನ ದೀಪಗಳು ಒಡೆದಿದ್ದವು, ಬಂಪರ್ ಒಳಕ್ಕೆ ಹೋಗಿತ್ತು, ಬಾನೆಟ್ ನಡುವೆ ಮಡಚಿತ್ತು. ವಿಚಿತ್ರವೆಂದರೆ ಬಾನೆಟ್ಟಿನ ಹಿಂದಿನ ಅಂಚು, ಗಾಜಿನ ಬುಡದಲ್ಲಿ, ಎಡಗಡೆ ಮಾತ್ರ ಗೇಣುದ್ದ ಮೇಲೆದ್ದು ನಿಂತಿತ್ತು. ಬಲಗಡೆ ತನ್ನ ಜಾಗದಲ್ಲೇ ಇತ್ತು.

“ಎಡಗಡಿ ಹಾರೈತಿ. ಬಲಗಡಿ ಹಾರಿಲ್ಲ,” ಎಂದಳು ದ್ರಾಕ್ಷಾಯಿಣಿ.

ಅವಳು ಆ ಶೆಡ್ಡಿನ ಮೇಲ್ವಿಚಾರಕಿ. ಧಾರವಾಡದಲ್ಲೇ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿದು ಇಲ್ಲಿಗೆ ಬಂದಿದ್ದಳು. ಯಾವ ಗಾಡಿಯಲ್ಲಿ ಯಾವ ಕೆಲಸ ಯಾವ ಕ್ರಮದಲ್ಲಿ ಆಗಬೇಕೆಂದು ಹೇಳುವುದು ಅವಳ ಕೆಲಸ.

“ಹಾರೈತಿ ಅಂದ್ರ ಏನ್ರಿ ಅಕ್ಕಾರ? ಬಿಜಾಗರಿಗೇನ ರೆಕ್ಕಿ ಬಂದಾವ?” ಎಂದ ಮುಜಮ್ಮಿಲ. ಅವನು ಡೆಂಟರ್. ತಗ್ಗು ಬಿದ್ದ ತಗಡನ್ನು ಬಡಿದು, ಎಳೆದು, ಮೊದಲಿನ ಹಾಗೆ ಮಾಡುವವನು.

ದ್ರಾಕ್ಷಾಯಿಣಿ ಬಲಗಡೆಯ ಸಂದಿಗೆ ಟಾರ್ಚ್ ಹಿಡಿದಳು. ಬಾನೆಟ್ಟನ್ನು ಗಾಡಿಗೆ ಹಿಡಿದಿಡುವ ಬಿಜಾಗರಿಯ ಪಕ್ಕದಲ್ಲಿ ಬೆರಳುದ್ದದ ಒಂದು ಲೋಹದ ಕೊಳವೆ ಕಂಡಿತು. ಅದರ ತಲೆ ಬಿಜಾಗರಿಯ ತೋಳಿಗೆ ಮುಖ ಮಾಡಿತ್ತು.

“ಮನಷ್ಯಾ ಅಡ್ಡ ಬಂದು ಬಡದ್ರ ಅವನ ತಲಿ ಬಾನೆಟ್ ಮ್ಯಾಲ ಬೀಳ್ತೈತಿ. ತಳಗ ಎಂಜಿನ್ ಕಬ್ಬಿಣ. ತಲಿ ಅದಕ್ಕ ಬಡೀಬಾರದಂತ ಬಾನೆಟ್ಟಿನ ಹಿಂದಿನ ತುದಿ ತಾನ ಮ್ಯಾಲ ಏಳ್ತೈತಿ. ಎಬ್ಬಸಾಕ ಈ ಕೊಳವಿ. ಒಳಗ ಮದ್ದು ಐತಿ.”

“ದೀಪಾವಳಿ ಮದ್ದ?”

“ಅದ ಜಾತಿದು. ಕಣ್ಣ ಪಿಳಕಿಸೂದ್ರಾಗ ಹಾರ್ತೈತಿ.”

“ಅಲ್ಲಾ, ಎಮ್ಮಿಗ್ಯಾಕ ಹಾರ್ತಿದು?” ಎಂದು ಕೇಳಿದ ಫಕೀರಪ್ಪ, ಶೆಡ್ಡಿನ ಎಲೆಕ್ಟ್ರಿಷಿಯನ್.

“ಎಮ್ಮಿ ತಲಿ ನಿನ್ನ ತಲಿ ಗಾತ್ರ ಇತ್ತಲೇ ಫಕೀರ್ಯಾ. ಗಾಡಿ ಮನಷ್ಯಾನ ಅಂತ ತಿಳಕೊಂತು,” ಎಂದ ಮುಜಮ್ಮಿಲ.

“ನಿನ್ನ ಕಂಡಿದ್ರ ಅದೂ ಹಾರ್ತಿದ್ದಿಲ್ಲ ಬಿಡು. ಏನೂ ಇಲ್ಲಂತ ಸುಮ್ನ ಹೋಗ್ತಿತ್ತು.”

ದ್ರಾಕ್ಷಾಯಿಣಿ ನಗಲಿಲ್ಲ. ಹಾರಿಹೋದ ಎಡಗಡೆಯದರಿಂದ ಈಗ ಯಾರಿಗೂ ಭಯವಿರಲಿಲ್ಲ. ಅದರ ಮದ್ದು ಉರಿದು ಮುಗಿದಿತ್ತು. ಬಲಗಡೆಯದು ಏಕೆ ಹಾರಲಿಲ್ಲವೆಂದು ಗೊತ್ತಿರಲಿಲ್ಲ. ಡಿಕ್ಕಿಯ ಹೊಡೆತಕ್ಕೆ ವೈರ್ ಹರಿದಿರಬಹುದು, ಕೊಳವೆಯೇ ಕೆಟ್ಟಿರಬಹುದು. ಏನೇ ಆಗಿರಲಿ, ಮದ್ದು ಇನ್ನೂ ಒಳಗಿತ್ತು. ಮುಜಮ್ಮಿಲನ ಕೈ ಅಲ್ಲಿಗೇ ಹೋಗಬೇಕಿತ್ತು.

ಆ ಕೈಯ ಬಗ್ಗೆ ಹೇಳಬೇಕು. ಶೆಡ್ಡಿನಿಂದ ಹೊರಡುವ ಯಾವ ಗಾಡಿಗೂ ಮುಜಮ್ಮಿಲ ಕಣ್ಣು ಮುಚ್ಚಿ ಬಲ ಅಂಗೈ ಸವರದೆ ಬಣ್ಣ ಹೊಡೆಯುತ್ತಿರಲಿಲ್ಲ. ಕಣ್ಣಿಗೆ ಕಾಣದ ತಗ್ಗು ಅವನ ಬೆರಳಿಗೆ ಸಿಗುತ್ತಿತ್ತು. ಬೆರಳು ತಡೆದಲ್ಲಿ ಅವನು ಪೆನ್ಸಿಲಿನಿಂದ ಗುರುತು ಹಾಕಿ, ಮತ್ತೆ ಬಡಿದು, ಮತ್ತೆ ಸವರುತ್ತಿದ್ದ. ಹುಬ್ಬಳ್ಳಿಯ ದೊಡ್ಡ ದೊಡ್ಡ ಶೋರೂಮ್‌ಗಳವರು ತಮ್ಮಲ್ಲಿ ಆಗದ ಬಾಗಿಲುಗಳನ್ನು ಇಲ್ಲಿಗೆ ಕಳಿಸುತ್ತಿದ್ದದ್ದು ಅದಕ್ಕಾಗಿ.

ಅದೇ ಕೈಯ ಮಣಿಕಟ್ಟಿನ ಸುತ್ತ ಬಳೆಯಂಥ ಸುಟ್ಟ ಗುರುತಿತ್ತು. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯೊಂದರ ಸಣ್ಣ ಗ್ಯಾರೇಜಿನಲ್ಲಿ ಅವನೂ ಫಕೀರಪ್ಪನೂ ಕೆಲಸ ಕಲಿಯುತ್ತಿದ್ದಾಗ ಮುಜಮ್ಮಿಲನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಸ್ಟಾರ್ಟರ್ ವೈರಿಗೆ ತಾಗಿ, ಸ್ಟೀಲಿನ ಗಡಿಯಾರದ ಪಟ್ಟಿ ಕಾದು ಕೆಂಪಾಗಿತ್ತು. ಅದನ್ನು ಬಿಚ್ಚಿ ಎಸೆದವನು ಫಕೀರಪ್ಪ. ಅವನ ಬೆರಳುಗಳೂ ಸುಟ್ಟಿದ್ದವು. ಅಂದಿನಿಂದ ಇಬ್ಬರ ನಡುವೆ ಒಂದು ರೂಢಿ ಬೆಳೆದಿತ್ತು. ವೈರ್ ಇರುವ ಜಾಗಕ್ಕೆ ಮುಜಮ್ಮಿಲ ಕೈ ಹಾಕುವ ಮೊದಲು ಫಕೀರಪ್ಪ ತನ್ನ ಟೆಸ್ಟ್ ಲ್ಯಾಂಪ್ ತಾಗಿಸಿ ನೋಡುತ್ತಿದ್ದ. ಎರಡು ವೈರು, ತುದಿಗೆ ಇಂಡಿಕೇಟರ್‌ನ ದಪ್ಪ ಬಲ್ಬು, ಅಷ್ಟೇ. ಬಲ್ಬು ಹತ್ತದಿದ್ದರೆ, ಕರೆಂಟಿಲ್ಲವೆಂದು, “ಸತ್ತೈತಿ” ಎನ್ನುತ್ತಿದ್ದ. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಮುಜಮ್ಮಿಲ ಕೈ ಚಾಚುತ್ತಿದ್ದ. ಮಾಲೀಕರು ಬದಲಾದರು, ಗಾಡಿಗಳು ಬದಲಾದವು, ಇದು ಬದಲಾಗಲಿಲ್ಲ.

ಮರುದಿನ ಬೆಳಿಗ್ಗೆ ದ್ರಾಕ್ಷಾಯಿಣಿ ಇಬ್ಬರನ್ನೂ ಕಾರಿನ ಮುಂದೆ ನಿಲ್ಲಿಸಿಕೊಂಡಳು.

“ಮೊದಲ ಬ್ಯಾಟರಿ. ನಾನ ಬಿಚ್ತೇನಿ. ಆಮ್ಯಾಲ ಹತ್ತು ನಿಮಿಷ ಯಾರೂ ಮುಟ್ಟಂಗಿಲ್ಲ. ಮದ್ದು ಹಾರಸೂ ಡಬ್ಬಿಯೊಳಗ ಉಳದಿದ್ದ ಕರೆಂಟು ಇಳೀಬೇಕು. ಆಮ್ಯಾಲ ಕೊಳವಿ ಪ್ಲಗ್ ತಗೀತೇನಿ. ಆಮ್ಯಾಲ ಬಾನೆಟ್ ಇಳಸ್ರಿ. ಕೊಳವಿ ಮೊದಲ ಹೊರಗ ಬರಬೇಕು, ಬಿಜಾಗರಿ ಆಮ್ಯಾಲ. ಬಡಿಯೂದಿಲ್ಲ, ಗ್ಯಾಸ್ ಹಚ್ಚಿ ಕಾಸೂದಿಲ್ಲ, ಮಾರಿ ಅದರ ಮ್ಯಾಲ ತರೂದಿಲ್ಲ. ಹೊರಗ ಬಂದ ಮ್ಯಾಲ ಅದರ ತಲಿ ನಿಮ್ಮ ಕಡೆ ಇರಬಾರದು.”

“ಹೊಸ ಸೊಸಿ ಇದ್ದಂಗ ಐತಲ್ರಿ,” ಎಂದ ಮುಜಮ್ಮಿಲ. “ಬಡಿಯಂಗಿಲ್ಲ, ಕಾಸಂಗಿಲ್ಲ, ಮಾರಿ ನೋಡಂಗಿಲ್ಲ.”

“ಭಾಯ್, ನಗಬ್ಯಾಡ್ರಿ.”

“ನಗೂದಿಲ್ರಿ ಅಕ್ಕಾರ. ನನ್ನ ಕೈ ಅಲ್ಲೇನ ಅದು?”

ಅವಳು ಬ್ಯಾಟರಿಯ ಎರಡೂ ತುದಿಗಳನ್ನು ಬಿಚ್ಚಿ, ನೆಗೆಟಿವ್ ವೈರಿಗೆ ಕೆಂಪು ಬಟ್ಟೆ ಸುತ್ತಿ ದೂರಕ್ಕೆ ಸರಿಸಿದಳು. ಗಡಿಯಾರ ನೋಡಿ ಕಾದರು. ನಂತರ ಕೊಳವೆಯ ಪ್ಲಗ್ ತೆಗೆದಳು. ಕೊಳವೆಯ ಪ್ಲಾಸ್ಟಿಕ್ ಬಾಯಿ ಹೊಡೆತಕ್ಕೆ ಸೀಳಿತ್ತು. ಸೀಳಿದ್ದನ್ನು ಅವಳು ನೋಡಿದಳು. ಕಿತ್ತೆಸೆಯುವ ವಸ್ತು, ಸೀಳಿದ್ದರೇನು ಎಂದುಕೊಂಡಳು. ಮುಜಮ್ಮಿಲ, ಫಕೀರಪ್ಪ ಸೇರಿ ಮಡಚಿದ ಬಾನೆಟ್ಟನ್ನು ಇಳಿಸಿ ಗೋಡೆಗೆ ಒರಗಿಸಿದರು.

ಆ ಹೊತ್ತಿಗೆ ಬಿಂದುಮಾಧವರಾಯರು ಬಂದರು. ಕುಮಾರಸ್ವಾಮಿಯ ಕ್ಯಾಬಿನ್ನಿನಲ್ಲಿ ಕುಳಿತು ಚಹಾ ಕುಡಿಯುತ್ತ ಒಂದೇ ಮಾತು ಹಿಡಿದರು.

“ವಿಮಾದವರು ಹಾರಿದ್ದಕ್ಕಷ್ಟ ಒಪ್ಪಿಗಿ ಕೊಡ್ತಾರಂತ್ರಿ. ಬಲಗಡೀದು ಛಲೋ ಅದನೋ ಕೆಟ್ಟದನೋ? ಛಲೋ ಇದ್ರ ಅದನ್ನ ಯಾಕ ಬದಲೀ ಮಾಡಬೇಕು? ಅದೊಂದು ನೋಡಿ ಹೇಳ್ರೆಲಾ.”

“ಅದನ್ನ ಇಲ್ಲೆ ನೋಡಾಕ ಬರಂಗಿಲ್ರಿ,” ಎಂದಳು ದ್ರಾಕ್ಷಾಯಿಣಿ. “ಕಂಪನಿ ಸ್ಕ್ಯಾನರ್ ಬೇಕು. ಹುಬ್ಬಳ್ಳಿ ಸರ್ವಿಸ್ ಸೆಂಟರಿಗೆ ಫೋನ್ ಹಚ್ತೇನಿ, ಯಾರರ ಬರ್ತಾರೇನು ಕೇಳ್ತೇನಿ.”

ಕ್ಯಾಬಿನ್ನಿನಲ್ಲಿ ಫೋನ್ ಸರಿಯಾಗಿ ಕೇಳುತ್ತಿರಲಿಲ್ಲ. ಅವಳು ಗೇಟಿನ ತನಕ ನಡೆದು ಹೋದಳು. ಕುಮಾರಸ್ವಾಮಿ ಹತ್ತಿ ವ್ಯಾಪಾರದ ಮನೆತನದವನು. ಗಿರಾಕಿಯನ್ನು ಕಾಯಿಸುವುದು ಅವನಿಗೆ ಆಗದ ಮಾತು. ಅವನು ಕ್ಯಾಬಿನ್ನಿನ ಬಾಗಿಲಿನಿಂದಲೇ ಕೂಗಿದ.

“ಫಕೀರಪ್ಪಾ, ಆ ಬಲಗಡೀದು ಸುಟ್ಟೈತ್ಯೋ ಛಲೋ ಐತ್ಯೋ ಒಂಚೂರು ನೋಡೋ. ರಾಯರು ಕುಂತಾರ.”

“ಆತ್ರಿ ಸಾವಕಾರ್ರ.”

ಮುಂದಿನದು ಬಹಳ ಹೊತ್ತು ಹಿಡಿಯಲಿಲ್ಲ. ಫಕೀರಪ್ಪ ಮೊದಲು ರೂಢಿಯಂತೆ ಗಾಡಿಯ ಕಡೆಯ ಪ್ಲಗ್ಗಿಗೆ ಟೆಸ್ಟ್ ಲ್ಯಾಂಪ್ ತಾಗಿಸಿದ. ಬಲ್ಬು ಹತ್ತಲಿಲ್ಲ. “ಸತ್ತೈತಿ,” ಎಂದ. ಮುಜಮ್ಮಿಲ ಬಿಜಾಗರಿಯ ತೋಳಿನ ಕೆಳಗೆ ಬಲಗೈ ತೂರಿಸಿ, ಕೊಳವೆಯ ನಟ್ಟನ್ನು ಬೆರಳಿನಿಂದ ಹುಡುಕತೊಡಗಿದ. ಅದು ಕಣ್ಣಿಗೆ ಕಾಣದ ಜಾಗ, ಕೈಗೆ ಮಾತ್ರ ಸಿಗುವಂಥದ್ದು. ಮುಖವನ್ನು ಹೇಳಿದ ಹಾಗೆ ಆಚೆ ತಿರುಗಿಸಿದ್ದ.

ಫಕೀರಪ್ಪನಿಗೆ ಸಾವಕಾರ ಹೇಳಿದ ಕೆಲಸ ಉಳಿದಿತ್ತು. ಬಲ್ಬು, ಫ್ಯೂಜು, ಹಾರ್ನಿನ ಸುರುಳಿ, ಯಾವುದೇ ಸುಟ್ಟಿದೆಯೋ ಇಲ್ಲವೋ ಎಂದು ನೋಡಲು ಶೆಡ್ಡಿನಲ್ಲಿ ಇದ್ದದ್ದು ಒಂದೇ ವಿಧಾನ. ಹಳೆಯ ಬೈಕಿನ ಬ್ಯಾಟರಿಯಿಂದ ಟೆಸ್ಟ್ ಲ್ಯಾಂಪಿನ ಮೂಲಕ ಅದಕ್ಕೆ ಕರೆಂಟು ಹರಿಸುವುದು. ಬಲ್ಬು ಹತ್ತಿದರೆ ಛಲೋ, ಹತ್ತದಿದ್ದರೆ ಸುಟ್ಟಿದೆ. ಕಾರಿನ ಬ್ಯಾಟರಿ ಬಿಚ್ಚಿತ್ತು, ಗಾಡಿ ಸತ್ತಿತ್ತು. ಸತ್ತದ್ದನ್ನು ತಾನೇ ನೋಡಿ ಹೇಳಿದ್ದ. ಬೈಕಿನ ಬ್ಯಾಟರಿ ಬೇರೆ ವಸ್ತು, ಗಾಡಿಗೂ ಅದಕ್ಕೂ ಸಂಬಂಧವಿಲ್ಲ ಎಂದೇ ಅವನ ಮನಸ್ಸಿನಲ್ಲಿತ್ತು. ಅವನು ಬ್ಯಾಟರಿಯನ್ನು ಚಕ್ರದ ಮೇಲಿನ ಫೆಂಡರ್ ತಗಡಿನ ಮೇಲಿಟ್ಟು ಕ್ಲಿಪ್ ಹಚ್ಚಿದ. ಲ್ಯಾಂಪಿನ ಮೊನೆಯನ್ನೂ ಬ್ಯಾಟರಿಯ ಇನ್ನೊಂದು ವೈರನ್ನೂ ಕೊಳವೆಯ ಎರಡು ಪಿನ್ನುಗಳಿಗೆ ತಾಗಿಸಿದ.

ಗೇಟಿನ ಹತ್ತಿರ ಫೋನ್ ಹಿಡಿದಿದ್ದ ದ್ರಾಕ್ಷಾಯಿಣಿಗೆ ಟೈರ್ ಸಿಡಿದಂಥ ಸದ್ದು ಕೇಳಿತು. ಆ ಕಡೆಯಿಂದ ಸರ್ವಿಸ್ ಸೆಂಟರಿನವನು, “ಯಾರೂ ಅದಕ್ಕ ಮೀಟರ್ ಗೀಟರ್ ಹಚ್ಚಬಾರದ್ರಿ ಮತ್ತ,” ಎಂದು ಹೇಳುತ್ತಿದ್ದ.

ಅವಳು ಓಡಿ ಬಂದಾಗ ಬಿಜಾಗರಿಯ ಎರಡು ತೋಳುಗಳು ಅಡಕತ್ತರಿಯ ಹಾಗೆ ತೆರೆದು ಮತ್ತೆ ಸಿಕ್ಕಿಕೊಂಡಿದ್ದವು. ಮುಜಮ್ಮಿಲನ ಬೆರಳುಗಳು ನಡುವೆ ಇದ್ದವು. ಅವನು ಕೂಗುತ್ತಿರಲಿಲ್ಲ. ಫೆಂಡರಿಗೆ ಎದೆ ಊರಿ ನಿಂತು, “ತಗೀರಿ, ತಗೀರಿ,” ಎಂದು ಮೆಲ್ಲಗೆ ಹೇಳುತ್ತಿದ್ದ. ಫಕೀರಪ್ಪ ಸರಳು ಹಾಕಿ ತೋಳನ್ನು ಮೀಟುತ್ತಿದ್ದ. ಬೈಕಿನ ಬ್ಯಾಟರಿ ನೆಲದ ಮೇಲೆ ಬಿದ್ದಿತ್ತು, ಕ್ಲಿಪ್ ಇನ್ನೂ ಅದಕ್ಕೆ ಕಚ್ಚಿಕೊಂಡಿತ್ತು. ಕೆಂಪು ಬಟ್ಟೆ ಸುತ್ತಿದ ವೈರು ತಾನು ಸರಿಸಿದಲ್ಲೇ ಇದ್ದದ್ದನ್ನು ಅವಳು ನೋಡಿದಳು. ಮೊದಲು ಅದನ್ನು ನೋಡಿದೆನಲ್ಲ, ಅವನ ಕೈಯನ್ನಲ್ಲ, ಎಂಬುದು ಅವಳನ್ನು ಆಮೇಲೆ ಬಹಳ ಕಾಡಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂರು ಬೆರಳುಗಳನ್ನು ತೆಗೆದರು. ಹೆಬ್ಬೆರಳು, ಕಿರುಬೆರಳು ಉಳಿದವು.

ಎರಡು ದಿನ ಬಿಟ್ಟು ಕಂಪನಿಯವರು ಬಂದು ನೋಡಿದರು. ಪ್ಲಗ್ ತೆಗೆದಾಗ ಎರಡು ಪಿನ್ನುಗಳನ್ನು ಒಂದಕ್ಕೊಂದು ಕೂಡಿಸಿ ಕಾಯುವ ಸಣ್ಣ ತಗಡಿನ ಪಟ್ಟಿಯೊಂದು ಕೊಳವೆಯ ಬಾಯಲ್ಲಿ ಇರುತ್ತದಂತೆ. ಎಮ್ಮೆಯ ಹೊಡೆತಕ್ಕೆ ಅದು ಮುರಿದಿತ್ತು. ಅದು ಇದ್ದಿದ್ದರೆ ಟೆಸ್ಟ್ ಲ್ಯಾಂಪಿನ ಕರೆಂಟು ಬಹುಶಃ ಮದ್ದಿನ ತನಕ ಹೋಗುತ್ತಿರಲಿಲ್ಲ. ಅವರು ಹೋದ ಮೇಲೆ ಕುಮಾರಸ್ವಾಮಿ ದ್ರಾಕ್ಷಾಯಿಣಿಯನ್ನು ಕ್ಯಾಬಿನ್ನಿಗೆ ಕರೆದ.

“ಪಟ್ಟಿ ಮುರದಿತ್ತು. ಹಾರ್ತು. ಕೇಳಿದವರಿಗೆ ಇಷ್ಟ ಹೇಳೂಣು.”

“ಬೈಕ್ ಬ್ಯಾಟರಿ ಮಾತು?”

“ಅದನ್ನ ಹೇಳಿದ್ರ ಫಕೀರಪ್ಪನ ಕುತ್ತಿಗಿಗೆ ಬರ್ತೈತಿ. ನೋಡು ಅಂದಾಂವ ನಾನು, ನನ್ನ ಕುತ್ತಿಗಿಗೂ ಬರ್ತೈತಿ. ಸೀಳಿದ್ದು ನೋಡಿ ಸುಮ್ನಿದ್ದವರು ನೀವು. ಪಟ್ಟಿ ಮುರದಿದ್ದು ಸುಳ್ಳಲ್ಲಲ್ಲ ಮೇಡಮ್?”

“ಸುಳ್ಳಲ್ರಿ. ಅರ್ಧಾ.”

“ಅರ್ಧಾ ಸಾಕು. ಮುಜಮ್ಮಿಲನ ದವಾಖಾನಿ ನಾ ನೋಡ್ಕೋತೇನಿ. ಕೆಲಸಾನೂ ಬಿಡಸಂಗಿಲ್ಲ.”

ಅವಳು ಏನೂ ಹೇಳದೆ ಎದ್ದು ಬಂದಳು. ಅರ್ಧ ಮಾತಿಗೆ ತಾನೂ ಒಪ್ಪಿದ ಹಾಗಾಯಿತು ಎಂದು ಶೆಡ್ಡಿಗೆ ಬಂದ ಮೇಲೆ ಹೊಳೆಯಿತು. ಆಗ ತಿರುಗಿ ಹೋಗಲಿಲ್ಲ.

ಆಸ್ಪತ್ರೆಗೆ ಹೋದಾಗ ಫಕೀರಪ್ಪ ಅಲ್ಲೇ ಇದ್ದ. ಅವನು ದಿನವೂ ಬರುತ್ತಾನೆಂದು ಮುಜಮ್ಮಿಲನ ಹೆಂಡತಿ ಹೇಳಿದಳು. ಅಂಗಿಯ ಗುಂಡಿ ಹಾಕುವುದು, ರೊಟ್ಟಿ ಮುರಿದು ಬಾಯಿಗಿಡುವುದು, ಗಡ್ಡ ಹೆರೆಯುವುದು ಎಲ್ಲ ಅವನೇ. ಈಗಲೂ ಮಂಚದ ಅಂಚಿಗೆ ಕುಳಿತು ಮೋಸಂಬಿ ಸುಲಿಯುತ್ತಿದ್ದ. ಮುಜಮ್ಮಿಲನ ಕೈ ಬಟ್ಟೆಯ ಉಂಡೆಯಾಗಿ ಎದೆಯ ಮೇಲಿತ್ತು.

“ಅಕ್ಕಾರ, ಒಂದ ಮಾತು ಕೇಳ್ಲೇನ್ರಿ?” ಎಂದ ಮುಜಮ್ಮಿಲ. “ಬ್ಯಾಟರಿ ಖರೇನ ಬಿಚ್ಚಿದ್ರಿ?”

“ಬಿಚ್ಚಿದ್ದೆ ಭಾಯ್. ನಿಮ್ಮ ಮುಂದನ ಬಿಚ್ಚಿದ್ದೆ.”

“ಮತ್ತ ಹೆಂಗ ಹಾರ್ತು? ಸತ್ತೈತಿ ಅಂದಿದ್ದ ಇಂವಾ. ಇಂವಾ ಅಂದ ಮ್ಯಾಲ ನಾ ಕೈ ಹಾಕಿದ್ದು. ಇಷ್ಟ ದಿವಸದಾಗ ಇವನ ಮಾತು ಒಮ್ಮಿನೂ ಸುಳ್ಳಾಗಿಲ್ಲ. ಅಂದ್ರ ನಿಮ್ಮ ಕಡಿಂದನ ಏನೋ ತಪ್ಪೇತಿ.”

ದ್ರಾಕ್ಷಾಯಿಣಿ ಫಕೀರಪ್ಪನ ಕಡೆ ನೋಡಿದಳು. ಮುಜಮ್ಮಿಲನೂ ನೋಡಿದ. ಫಕೀರಪ್ಪ ಮೋಸಂಬಿಯ ತೊಳೆಯ ಮೇಲಿನ ಬಿಳಿ ನಾರನ್ನು ಉಗುರಿನಿಂದ ಒಂದೊಂದಾಗಿ ತೆಗೆಯುತ್ತಿದ್ದ.

“ಪಟ್ಟಿ ಮುರದಿತ್ತಂತ,” ಎಂದ ಕೊನೆಗೆ, ತಲೆ ಎತ್ತದೆ. “ಕಂಪನಿಯವ್ರು ಅಂದ್ರು.”

“ಹೌದೇನ,” ಎಂದ ಮುಜಮ್ಮಿಲ.

ಫಕೀರಪ್ಪ ತೊಳೆಯನ್ನು ಅವನ ಬಾಯಿಗೆ ಹಿಡಿದ. ಮುಜಮ್ಮಿಲ ತಿಂದ. ಮತ್ತೆ ಆ ಮಾತು ಬರಲಿಲ್ಲ.

ಬಿಂದುಮಾಧವರಾಯರ ಕಾರಿಗೆ ಎರಡೂ ಕಡೆ ಹೊಸ ಬಿಜಾಗರಿ ಬಂದವು. ವಿಮಾದವರು ಎರಡಕ್ಕೂ ಒಪ್ಪಿದರು. ಈಗ ಬಲಗಡೆಯದೂ ಹಾರಿತ್ತಲ್ಲ. ರಾಯರು ಗಾಡಿ ಒಯ್ಯುವ ದಿನ ಪೇಡೆಯ ಡಬ್ಬಿ ತಂದು ಕುಮಾರಸ್ವಾಮಿಯ ಮೇಜಿನ ಮೇಲಿಟ್ಟು, “ಆ ಮನಷ್ಯಾ ಹ್ಯಾಂಗಿದ್ದಾನ್ರಿ ಪಾಪ?” ಎಂದು ಕೇಳಿ ಹೋದರು.

ಮಳೆಗಾಲ ಕಳೆದ ಮೇಲೆ ಮುಜಮ್ಮಿಲ ಕೆಲಸಕ್ಕೆ ಬಂದ. ಸುತ್ತಿಗೆ ಹಿಡಿಯಲು ಬಲಗೈ ಒಲ್ಲೆನ್ನುತ್ತಿತ್ತು. ಎಡಗೈಯಲ್ಲಿ ಹಿಡಿಯತೊಡಗಿದ. ಕಣ್ಣು ಮುಚ್ಚಿ ಎಡ ಅಂಗೈ ಸವರುತ್ತಿದ್ದ. ಸವರಿದಲ್ಲೇ ಮತ್ತೆ ಮತ್ತೆ ಸವರಿ, ಕಣ್ಣು ತೆರೆದು ದೀಪದ ಬೆಳಕಿನಲ್ಲಿ ಬಗ್ಗಿ ನೋಡುತ್ತಿದ್ದ. ಅವನು ಗುರುತು ಹಾಕದೆ ಬಿಟ್ಟ ತಗ್ಗೊಂದು ಬಣ್ಣ ಹೊಡೆದ ಮೇಲೆ ಕಂಡಿತು. ಮರುದಿನ ಆ ಬಾಗಿಲನ್ನು ಅವನೇ ಮತ್ತೆ ಉಜ್ಜಿ ಬಡಿದ.

“ಎಡಗೈಗೆ ಇನ್ನ ಓದಾಕ ಬರಂಗಿಲ್ರಿ,” ಎಂದ ಅವನು ನಗುತ್ತ, ಶೆಡ್ಡಿನ ಹೊರಗಿನ ಚಹಾದ ಗಾಡಿಯ ಹತ್ತಿರ ದ್ರಾಕ್ಷಾಯಿಣಿಗೆ. “ಈಗ ಸಾಲಿಗೆ ಹೆಸರ ಹಚ್ಚೇನಿ ಅದರದು.”

ಅವಳಿಗೆ ಆ ನಗೆ ನೋಡಲಾಗಲಿಲ್ಲ. “ಭಾಯ್, ನಾ ನಿಮಗೊಂದು ಹೇಳಬೇಕು. ಅವತ್ತ ದವಾಖಾನ್ಯಾಗ ಹೇಳಬೇಕಿತ್ತು.”

“ಬೈಕ್ ಬ್ಯಾಟರೀದ?”

ಅವಳು ತನ್ನ ಕಪ್ಪನ್ನು ಚಹಾದ ಗಾಡಿಯ ಮೇಲಿಟ್ಟಳು.

“ಕ್ಲಿಪ್ ಹಚ್ಚಿದ ಸಪ್ಪಳ ನನಗ ಕೇಳಿತ್ರಿ ಅಕ್ಕಾರ. ಮಾರಿ ಆ ಕಡೆ ಇತ್ತು, ಕಿವಿ ಇಲ್ಲೇ ಇದ್ವಲ್ಲ. ಇಂವಾ ಮತ್ತೇನೋ ಹಚ್ಚಾಕತ್ತಾನ ಅಂತ ಗೊತ್ತಾತು. ಕೈ ತಗೀಲಿಲ್ಲ. ಸತ್ತೈತಿ ಅಂದಾಂವ ಅಂವಾನ ಅಲ್ಲ?”

“ಮತ್ತ ನನ್ನ ಯಾಕ ಹಂಗ ಕೇಳಿದ್ರಿ? ಬ್ಯಾಟರಿ ಬಿಚ್ಚಿದ್ರೇನಂತ?”

“ನಿಮ್ಮನ್ನ ಕೇಳಲಿಲ್ರಿ. ಅವನ್ನ ಕೇಳಿದೆ.” ಮುಜಮ್ಮಿಲ ಕಪ್ಪನ್ನು ಹೆಬ್ಬೆರಳು, ಕಿರುಬೆರಳಿನ ನಡುವೆ ಹಿಡಿದು ಉಳಿದ ಚಹಾ ಕುಡಿದ. “ಅಂವಾ ಬೇಕಂತ ಮಾಡಿಲ್ಲ. ಅದು ನನಗ ಗೊತ್ತಿಲ್ಲೇನು? ನಾ ಮಾಡೇನಿ ಮುಜ್ಯಾ ಅಂತ ಒಂದ ಮಾತು ಅಂದಿದ್ರ ಮುಗದಿತ್ತು. ದಿನಾ ಬರ್ತಿದ್ದ, ದಿನಾ ಕಾದೆ. ರೊಟ್ಟಿ ತಿನಿಸಿದ. ಮಾತ ಆಡ್ಲಿಲ್ಲ.”

“ನಾನೂ ಆಡ್ಲಿಲ್ಲ ಭಾಯ್.”

“ನೀವ ನನಗೇನ್ ಆಗಬೇಕ್ರಿ?” ಎಂದ ಅವನು. ಅದರಲ್ಲಿ ಸಿಟ್ಟು ಇರಲಿಲ್ಲ. ಆ ಕಾರಣಕ್ಕೇ ಅವಳು ಬಹಳ ಹೊತ್ತು ಅಲ್ಲೇ ನಿಂತಳು.

ಅದೇ ವಾರ ಒಂದು ಕಾರು ಬಂತು, ಪಕ್ಕಕ್ಕೆ ಹೊಡೆಸಿಕೊಂಡದ್ದು. ಬಾಗಿಲಿನೊಳಗಿನ ವೈರುಗಳನ್ನು ಸರಿಸಿ ತಗಡಿನ ಹಿಂದೆ ಕೈ ಹಾಕಬೇಕಿತ್ತು. ಮುಜಮ್ಮಿಲ ತೋಳು ಮಡಚಿಕೊಂಡು ನಿಂತ. ಫಕೀರಪ್ಪ ಟೆಸ್ಟ್ ಲ್ಯಾಂಪ್ ತಂದ. ಅಪಘಾತದ ನಂತರ ಇಬ್ಬರೂ ಕೂಡಿ ವೈರಿನ ಕೆಲಸಕ್ಕೆ ನಿಂತದ್ದು ಅದೇ ಮೊದಲು. ಫಕೀರಪ್ಪ ಒಂದೊಂದೇ ವೈರಿಗೆ ತಾಗಿಸಿದ, ಮತ್ತೊಮ್ಮೆ ಮೊದಲಿನಿಂದ ತಾಗಿಸಿದ. ಬಲ್ಬು ಹತ್ತಲಿಲ್ಲ. ಸುತ್ತಮುತ್ತ ನೋಡಿದ. ಬೈಕಿನ ಬ್ಯಾಟರಿ ಎಲ್ಲೂ ಇರಲಿಲ್ಲ. ದ್ರಾಕ್ಷಾಯಿಣಿ ಅದನ್ನು ಎಂದೋ ಹೊರಗೆ ಹಾಕಿಸಿದ್ದಳು.

“ಸತ್ತೈತಿ,” ಎಂದ ಫಕೀರಪ್ಪ.

ಮುಜಮ್ಮಿಲನ ಕೈ ಏಳಲಿಲ್ಲ.

“ಸತ್ತೈತಲೇ ಮುಜ್ಯಾ. ಎರಡ ಸಲ ನೋಡೇನಿ.”

ಮುಜಮ್ಮಿಲ ಅವನನ್ನು ದಾಟಿ ಶೆಡ್ಡಿನ ಆ ತುದಿಯ ಕಡೆ ನೋಡಿದ.

“ಅಕ್ಕಾರ,” ಎಂದು ಕೂಗಿದ, “ಒಂಚೂರು ಬರ್ರಿ ಇಲ್ಲೆ. ನೀವ ಒಮ್ಮಿ ನೋಡಿ ಹೇಳ್ರಿ.”

ಅವಳು ಬಂದಳು. ಫಕೀರಪ್ಪ ಟೆಸ್ಟ್ ಲ್ಯಾಂಪನ್ನು ಅವಳ ಕೈಗಿಟ್ಟ. ಅವನ ಹಿಡಿತದಿಂದ ವೈರು ಬೆಚ್ಚಗಾಗಿತ್ತು. ಅವಳು ತಾಗಿಸಿ ನೋಡಿದಳು, ಬ್ಯಾಟರಿಯ ಕಡೆ ಹೋಗಿ ನೋಡಿ ಬಂದಳು.

“ಕರೆಂಟಿಲ್ರಿ ಭಾಯ್.”

ಮುಜಮ್ಮಿಲ ಎಡಗೈಯನ್ನು ಬಾಗಿಲಿನೊಳಗೆ ಹಾಕಿದ. ಫಕೀರಪ್ಪ ಬೇರೆ ಗಾಡಿಯ ಹತ್ತಿರ ಹೋಗಿ, ಅದರ ಹಾರ್ನ್ ಬಿಚ್ಚತೊಡಗಿದ.